ಬಾಬಿನ್ ತೀರಿದಾಗ ಕೇಳಿದ ಕತೆ

"ಒಂದು ಇಡೀ ಪುಸ್ತಕ ಓದಿ ಹೇಳ್ತೀನಿ ಯಕ್ಕಾ, ಕಡೀ ಹಾಳಿ ತನಕ. ಬಸವಣ್ಣನಾಣಿ!"

ಕುರುಗೋಡಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದುತ್ತಿದ್ದ ಹೊನ್ನೂರಸ್ವಾಮಿ ಹೀಗೆ ಆಣೆ ಇಟ್ಟಾಗ ಅವನ ಅಕ್ಕ ಉಚ್ಚೆಂಗೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋದರೆ ಮನೆಯಲ್ಲಿ ಒಬ್ಬರು ಇರಬೇಕಿತ್ತು. ಅಕ್ಷರ ಕೂಡಿಸಿ ಓದುವುದು ಬರುವ ಮೊದಲೇ ಅಕ್ಕನ ಶಾಲೆ ನಿಂತುಹೋಗಿತ್ತು. ಆ ಸಂಜೆ ತಮ್ಮ ಶಾಲೆಯಿಂದ ತಂದ ಕತೆಪುಸ್ತಕವನ್ನು ಅವಳಿಗೆ ಗಟ್ಟಿಯಾಗಿ ಓದುತ್ತಿದ್ದ. ಕತೆಯ ಹುಡುಗಿ ಬಾವಿಯ ಕಟ್ಟೆ ಹತ್ತಿ ಕೆಳಗೆ ಇಣುಕುವಷ್ಟರಲ್ಲಿ ಹೊರಗಿನಿಂದ ಗೆಳೆಯರು ಕೂಗಿದರು. ಇವನು ಪುಸ್ತಕ ಮಡಚಿ ಎದ್ದ. ಅಕ್ಕ ಹಿಟ್ಟಿನ ಕೈಯಲ್ಲೇ ಅವನ ಅಂಗಿ ಹಿಡಿದಳು.

"ಬಾವ್ಯಾಗ ಏನಿತ್ತು, ಹೇಳಿ ಹೋಗಲೇ."

ಬಿಡಿಸಿಕೊಂಡು ಓಡಲು ಅವನಿಗೆ ಸಿಕ್ಕಿದ್ದು ಆ ಆಣೆ ಒಂದೇ.

ಮರುದಿನ ಪುಸ್ತಕ ಶಾಲೆಗೆ ವಾಪಸು ಹೋಯಿತು. ಬಾವಿಯಲ್ಲಿ ಏನಿತ್ತೆಂದು ಅಕ್ಕನಿಗೂ ತಿಳಿಯಲಿಲ್ಲ, ತಮ್ಮನಿಗೂ ನೆನಪು ಉಳಿಯಲಿಲ್ಲ. ಅವನು ಬಳ್ಳಾರಿ ಸೇರಿ ಜೀನ್ಸ್ ಹೊಲಿಯುವುದನ್ನು ಕಲಿತ, ಮಾಲಕರು ಕೊಟ್ಟ ಮಾಲನ್ನು ಮನೆಯಲ್ಲೇ ಹೊಲಿದುಕೊಡತೊಡಗಿದ, ಮದುವೆಯಾದ, ಮಗಳನ್ನು ಕಾಲೇಜಿಗೆ ಸೇರಿಸಿದ. ಅಕ್ಕನ ಗಂಡ ಆದೋನಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅಕ್ಕ ಕುರುಗೋಡು ಬಸ್ ಸ್ಟ್ಯಾಂಡಿನ ಪಕ್ಕ ಮಿರ್ಚಿ ಬಜ್ಜಿ, ಮಂಡಾಳು ಒಗ್ಗರಣೆಯ ಬಂಡಿ ಇಟ್ಟಳು. ಹಬ್ಬಕ್ಕೆ ತಮ್ಮ ಊರಿಗೆ ಬಂದಾಗಲೆಲ್ಲ ಒಂದು ತಟ್ಟೆ ಮಿರ್ಚಿ ಅವನ ಮುಂದಿಟ್ಟು ಕೇಳುತ್ತಿದ್ದಳು: "ಏನಪಾ, ಬಾವ್ಯಾಗ ಏನಿತ್ತು?" ಅವನು ನಗುತ್ತಿದ್ದ. ಆದರೆ ಬಸ್ಸು ಹತ್ತಿ ಕೂತ ಮೇಲೆ ಆ ಪ್ರಶ್ನೆ ಬಳ್ಳಾರಿ ಬರುವ ತನಕ ಅಂಗಿಯೊಳಗೆ ಸಿಕ್ಕ ಹುಲ್ಲುಕಡ್ಡಿಯ ಹಾಗೆ ಚುಚ್ಚುತ್ತಿತ್ತು.

ಓದುವ ಚಟ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಅದಕ್ಕೇ 'ತಿಂಗಳಿಗೊಂದು ಓದು' ಎಂಬ ವಾಟ್ಸಾಪ್ ಗುಂಪಿಗೆ ಸೇರಿದ್ದ. ಸಿರುಗುಪ್ಪದ ಶಾಲೆಯೊಂದರ ಟೀಚರು ಆಯೇಶಾ ಮೇಡಂ ಕಟ್ಟಿದ ಗುಂಪು ಅದು. ಪ್ರತಿ ತಿಂಗಳು ಅವರು ಒಂದು ವಿಷಯ ಕೊಡುತ್ತಿದ್ದರು: ಒಮ್ಮೆ ನದಿ ಬರುವ ಪುಸ್ತಕ, ಒಮ್ಮೆ ಅರ್ಧಕ್ಕೆ ಬಿಟ್ಟ ಪುಸ್ತಕ. ತಿಂಗಳ ಕೊನೆಯ ಭಾನುವಾರ ಎಲ್ಲರೂ ಒಂದು ಕಡೆ ಸೇರಿ ಓದಿದ್ದನ್ನು ಹೇಳಬೇಕು. ಈ ಸಲ ಅವರು ಹಾಕಿದ ಸಂದೇಶ ನೋಡಿದಾಗ ಹೊನ್ನೂರಸ್ವಾಮಿಯ ಕಾಲು ಮಷಿನ್ನಿನ ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತು.

"ಇದು ಓದಿ ಹೇಳುವ ತಿಂಗಳು. ಒಂದು ಪುಸ್ತಕವನ್ನು ಒಬ್ಬರಿಗೆ ಪೂರ್ತಿ ಓದಿ ಹೇಳಬೇಕು. ಕೇಳಿದವರನ್ನು ಸಿರುಗುಪ್ಪಕ್ಕೆ ಕರೆತನ್ನಿ. ಕತೆಯನ್ನು ಅವರೇ ಹೇಳಲಿ."

"ಯಾಕ್ರಿ, ದಾರ ಹರೀತೇನು?" ಎಂದಳು ಹೆಂಡತಿ ರೇಣುಕಾ. ಅವಳು ಗೋಡೆಗೆ ಒರಗಿ ಹೊಲಿದಾದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು.

"ಇಲ್ಲ. ಅಕ್ಕಗ ಪುಸ್ತಕ ಓದಿ ಹೇಳಬೇಕು."

"ಆಕಿ ಕುರುಗೋಡಾಗ, ನೀವು ಇಲ್ಲಿ. ಮಾಲು ಕೊಡೋದು ಯಾವಾಗ, ಓದೋದು ಯಾವಾಗ?"

ಉತ್ತರ ಅವನಿಗೆ ಫೋನಿನಲ್ಲಿ ಸಿಕ್ಕಿತು. ಹೊಲಿಯುತ್ತ ಓದುವುದು, ದನಿಯನ್ನು ತುಂಬಿ ಕಳಿಸುವುದು. ಮಗಳು ಮೀನಾ ಅವನಿಗೆ ಬೆರಳು ಎತ್ತಿದರೂ ರೆಕಾರ್ಡಿಂಗ್ ನಿಲ್ಲದ ಹಾಗೆ ಮಾಡುವುದನ್ನು ತೋರಿಸಿಕೊಟ್ಟು ಕಾಲೇಜಿಗೆ ಹೋದಳು. ಅವನು ಒಂದು ಕಾದಂಬರಿ ಆರಿಸಿದ. ಹೊಳೆಯಲ್ಲಿ ಹರಿಗೋಲು ಹಾಕಿ ಬದುಕುವ ಹೆಂಗಸೊಬ್ಬಳ ಕತೆ. ಗಂಡ ಅವಳನ್ನು ಬಿಟ್ಟು ಆಚೆ ದಡಕ್ಕೆ ಹೋದವನು ವರ್ಷಗಟ್ಟಲೆ ಬರುವುದಿಲ್ಲ. ಪುಸ್ತಕವನ್ನು ಜಿಪ್ಪಿನ ಡಬ್ಬಿಗೆ ಒರಗಿಸಿ, ಹಾಳೆ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ.

ಹೊಲಿಯುತ್ತ ಓದುವುದಕ್ಕೆ ಒಂದು ಉಪಾಯ ಬೇಕಾಯಿತು. ಸೂಜಿಯ ಮೇಲಿನ ಕಣ್ಣು ಹಾಳೆಗೆ ಹೋದರೆ ಹೊಲಿಗೆ ಸೊಟ್ಟಗಾಗುತ್ತದೆ. ಹಾಗಾಗಿ ಮಷಿನ್ನು ನಿಲ್ಲಿಸಿ ಒಂದು ಸಾಲನ್ನು ಮನಸ್ಸಿನಲ್ಲೇ ಓದಿಕೊಳ್ಳುವನು. ಪೆಡಲು ತುಳಿದು, ಪ್ಯಾಂಟಿನ ಕಾಲಿನ ಉದ್ದಕ್ಕೆ ಹೊಲಿಗೆ ಎಳೆಯುತ್ತ ಆ ಸಾಲನ್ನು ಗಟ್ಟಿಯಾಗಿ ಹೇಳುವನು. ಮತ್ತೆ ನಿಲ್ಲಿಸುವನು, ಮತ್ತೆ ಓದಿಕೊಳ್ಳುವನು. ಎರಡೇ ದಿನಕ್ಕೆ ಕಾಲು, ಕಣ್ಣು, ನಾಲಿಗೆ ಮೂರೂ ಒಂದಕ್ಕೊಂದು ಹೊಂದಿಕೊಂಡವು. ಒಂದು ಪ್ಯಾಂಟು, ಒಂದು ಹಾಳೆ. ಆದರೂ ತಿಂಗಳು ಓಡುತ್ತಿತ್ತು, ಮಾಲಿನ ಗಂಟು ಕರಗುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಅವನು ಎಡಗೈಯಲ್ಲಿ ಉಳಿದ ಹಾಳೆಗಳ ದಪ್ಪ ಹಿಡಿದು ನೋಡುತ್ತಿದ್ದ. ಕಳಿಸಿದ ಮೇಲೆ ಒಂದನ್ನಾದರೂ ಹಾಕಿ ಕೇಳಲು ವ್ಯವಧಾನ ಎಲ್ಲಿತ್ತು!

ಅಕ್ಕನಿಂದ ದಿನಾ ಉತ್ತರ ಬರುತ್ತಿತ್ತು, ಹಿಂದೆ ಎಣ್ಣೆಯ ಚುರ್ ಚುರ್ ಸದ್ದಿನೊಂದಿಗೆ. "ಕೇಳೀನೋ ತಮ್ಮಾ. ಚಲೋ ಐತಿ. ಕಳಸು, ಕಳಸು." ಒಮ್ಮೆ ಮಾತ್ರ, "ಇವತ್ತು ಭಾಳ ಹೊಲದಿ ಬಿಡು," ಎಂದಳು. ಮಾಲು ಹೆಚ್ಚು ಹೊಲಿದೆ ಎನ್ನುತ್ತಿದ್ದಾಳೆ ಅಂದುಕೊಂಡ. ಅವಳಿಗೆ ಹೇಗೆ ಗೊತ್ತಾಯಿತೆಂದು ಯೋಚಿಸಲು ಪುರುಸೊತ್ತಾಗಲಿಲ್ಲ.

ಕೊನೆಯ ಭಾನುವಾರ ಅವನು ಬೆಳಗಿನ ಬಸ್ಸಿಗೆ ಕುರುಗೋಡಿಗೆ ಹೋಗಿ, ಅಕ್ಕನನ್ನು ಕರೆದುಕೊಂಡು ಸಿರುಗುಪ್ಪ ಮುಟ್ಟಿದ. ಉಚ್ಚೆಂಗೆಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು, ಕೈಯಲ್ಲಿ ಮಿರ್ಚಿಯ ಪೊಟ್ಟಣ. ದಾರಿಯುದ್ದಕ್ಕೂ ಇವನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಹೆದರಬ್ಯಾಡ ಯಕ್ಕಾ. ನೆನಪಿದ್ದಷ್ಟು ಹೇಳಿದ್ರ ಸಾಕು."

"ಹೆದರೋದು ನಾನೋ, ನೀನೋ? ಆ ಕಾಲು ಕುಣಿಸೋದು ಬಿಡು ಮೊದ್ಲು. ಮುಂದಿನ ಸೀಟಿನಾಕಿ ತಿರುಗಿ ತಿರುಗಿ ನೋಡಾಕತ್ತಾಳ."

ಆಯೇಶಾ ಮೇಡಂ ಮನೆಯ ಮಾಳಿಗೆಯ ಮೇಲೆ ಜಮಖಾನ ಹಾಸಿದ್ದರು. ಓದುಗರೂ ಕೇಳುಗರೂ ಸೇರಿ ಒಂದು ಗುಂಪು ಕೂತಿತ್ತು. ಕುರುಗೋಡಿನ ಕಂಡಕ್ಟರ್ ಭೀಮರಾಜನೂ ಗುಂಪಿನವನೇ. ಉಚ್ಚೆಂಗೆಮ್ಮನನ್ನು ಕಂಡದ್ದೇ ಎದ್ದು ಜಾಗ ಬಿಟ್ಟ. "ಬಾ ಯಕ್ಕಾ, ಇವತ್ತು ನಮ್ಮೂರ ಮರ್ಯಾದಿ ನಿನ್ನ ಕೈಯಾಗ ಐತಿ."

ಅವಳ ಸರದಿ ಬಂತು. ಸೆರಗು ಸರಿಮಾಡಿಕೊಂಡು ಬಂಡಿಯ ಮುಂದೆ ನಿಂತವಳ ದನಿಯಲ್ಲೇ ಶುರು ಮಾಡಿದಳು. ಹೊಳೆ, ಹರಿಗೋಲು, ಬಿಟ್ಟುಹೋದ ಗಂಡ ಎಲ್ಲ ಸರಿಯಾಗಿಯೇ ಬಂದವು. ಹೊನ್ನೂರಸ್ವಾಮಿಯ ಎದೆ ಅರಳಿತು. ಅಷ್ಟರಲ್ಲಿ ಕತೆಯೊಳಗೆ ಒಂದು ಎಮ್ಮೆ ಬಂತು. ಪುಸ್ತಕದಲ್ಲಿ ಎಮ್ಮೆ ಇರಲಿಲ್ಲ. ಆಮೇಲೆ ಹರಿಗೋಲಿನವಳು ಸಂತೆಯಲ್ಲಿ ದಲ್ಲಾಳಿಯೊಬ್ಬನ ಪೇಟ ಕಿತ್ತು ನೀರಿಗೆ ಎಸೆದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನು ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವಿದ.

"ಕಡೀಕ ಆ ಗಂಡ ಬಂದ," ಎಂದಳು ಉಚ್ಚೆಂಗೆಮ್ಮ. "ಮಳಿ. ಹೊಳಿ ತುಂಬಿ ಹರಿಯಾಕತ್ತೈತಿ. ಆಚಿ ದಂಡ್ಯಾಗ ನಿಂತು ಹರಿಗೋಲು ತಾರೇ ಅಂತ ಒದರ್ತಾನ. ಈಕಿ ಕಂದೀಲು ಹಚ್ಚಿಗೊಂಡು ಈಚಿ ದಂಡಿಗೆ ಬಂದ್ಲು. 'ಹೊಳಿ ಇಳೀಲಿ, ನಡಕೊಂತ ಬಾ' ಅಂದ್ಲು. ಮನಿಗೆ ಹೋಗಿ ಮಲಗಿದ್ಲು."

ಚಪ್ಪಾಳೆ ಬಿತ್ತು. ಹೊನ್ನೂರಸ್ವಾಮಿಗೆ ತಡೆಯಲಾಗಲಿಲ್ಲ.

"ಯಕ್ಕಾ, ಅದು ಹಂಗಲ್ಲ! ಪುಸ್ತಕದಾಗ ಆಕಿ ಹರಿಗೋಲು ತಗೊಂಡು ಹೋಗಿ ಅವನ್ನ ಕರಕೊಂಡು ಬರ್ತಾಳ. ನಾ ಓದಿ ಕಳಿಸೀನಿ!"

"ಕಳಿಸಿದ್ದನ್ನ ಒಂದೀಟು ಹಾಕ್ರಿ, ನಾವೂ ಕೇಳೋಣು," ಎಂದರು ಆಯೇಶಾ ಮೇಡಂ.

ಅವನು ಜಂಬದಿಂದಲೇ ಫೋನನ್ನು ಸ್ಪೀಕರಿಗೆ ಹಾಕಿದ. ಮೊದಲು ಸದ್ದಿಲ್ಲ. ಆಮೇಲೆ 'ಟರ್ರ್‌ರ್‌ರ್' ಎಂದು ಇಡೀ ಮಾಳಿಗೆ ನಡುಗುವ ಶಬ್ದ. ಅದರ ಅಡಿಯಲ್ಲಿ ಎಲ್ಲೋ ಗೋಣಿಚೀಲದೊಳಗಿಂದ ಬಂದಂತೆ ಒಬ್ಬ ಗಂಡಸಿನ ದನಿ. ಶಬ್ದ ನಿಂತಿತು, ದನಿಯೂ ನಿಂತಿತು. ಮತ್ತೆ 'ಟರ್ರ್‌ರ್‌ರ್'. ಮಷಿನ್ನು ಸುಮ್ಮನಿದ್ದಾಗ ಅವನೂ ಸುಮ್ಮನಿದ್ದ. ಅವನು ಬಾಯಿ ತೆರೆದಾಗಲೆಲ್ಲ ಮಷಿನ್ನೂ ಬಾಯಿ ತೆರೆದಿತ್ತು. ತಿಂಗಳು ಪೂರ್ತಿ ಹೀಗೇ.

"ಇಷ್ಟು ಸಪ್ಪಳ ಆಗ್ತೈತೇನು ನಮ್ಮ ಮನ್ಯಾಗ?" ಎಂದ ಅವನು. ಅಂದದ್ದು ಯಾರಿಗೋ, ಅವನಿಗೇ ತಿಳಿಯದು. ಇಷ್ಟು ವರ್ಷದಲ್ಲಿ ಆ ಮಷಿನ್ನು ಅವನ ಕಿವಿಗೆ ಉಸಿರಿನ ಹಾಗಾಗಿತ್ತು. ರೇಣುಕಾಳಿಗೂ, ಮೀನಾಳಿಗೂ ಹಾಗೆಯೇ. ಇಡೀ ಮನೆಯಲ್ಲಿ ಒಬ್ಬರೂ ಅದನ್ನು ಕೇಳಿಸಿಕೊಂಡಿರಲಿಲ್ಲ.

"ನಡುನಡುವ ಕೇಳ್ತಿತ್ತಪಾ," ಎಂದಳು ಅಕ್ಕ ಸಮಾಧಾನ ಮಾಡುವಂತೆ. "ನಿನ್ನ ದಾರ ಹರದಾಗ, ಆ ಅಡಿ ದಾರದ ಉಂಡಿ, ಬಾಬಿನ್ನೋ ಏನೋ ಅಂತೀಯಲ್ಲ, ಅದು ತೀರಿದಾಗ, ಒಂದೊಂದು ಮಾತು ಸ್ವಚ್ಛ ಬರ್ತಿತ್ತು. ಬಂಡೀ ಮುಂದ ನಿಂತವ್ರು ಸುಮ್ಮಕ ಬಿಡ್ತಾರೇನು? 'ಆಮ್ಯಾಲೇನಾತು ಯಕ್ಕಾ' ಅಂತ ಕೇಳೋರು. ನಡುವಿನದು ನಾನ ಹೊಲದೆ."

"ಮೇಡಂ, ಈ ಕತಿ ನಮ್ಮ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತೈತ್ರಿ," ಎಂದ ಭೀಮರಾಜ. "ಎಮ್ಮಿ ಕಳದ ದಿನ ನಮ್ಮ ಡ್ರೈವರು ಬಸ್ಸು ಬಿಡಾಕ ತಡಾ ಮಾಡಿದ. ನಾ ಇದ ಪುಸ್ತಕದಾಗಿನ ಕತಿ ಅಂದ್ಕೊಂಡಿದ್ದೆ."

ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊನ್ನೂರಸ್ವಾಮಿಗೆ ನಗು ಬರಲಿಲ್ಲ. ಕೈಯಲ್ಲಿ ಪುಸ್ತಕ ಇತ್ತು, ಪಕ್ಕದಲ್ಲಿ ಅಕ್ಕ ಇದ್ದಳು. ಆದರೆ ಅವಳಿಗೆ ಒಂದು ಹಾಳೆಯೂ ಮುಟ್ಟಿರಲಿಲ್ಲ. ನಾಲ್ಕನೇ ಕ್ಲಾಸಿನ ಹುಡುಗ ಅಂಗಿ ಬಿಡಿಸಿಕೊಂಡು ಮತ್ತೊಮ್ಮೆ ಓಡಿಹೋದಂತೆ ಅನಿಸಿತು.

ಕೆಳಗಿಳಿದವನೇ ರೇಣುಕಾಳಿಗೆ ಫೋನು ಮಾಡಿದ. "ನಾಳಿ ಬೆಳಿಗ್ಗಿ ಮಾಲು ಹೋಗಂಗಿಲ್ಲ. ನಾ ಕುರುಗೋಡಾಗ ಇರ್ತೀನಿ."

"ಮಾಲಕರಿಗೆ ಏನ್ ಹೇಳ್ಲಿ?"

"ಜ್ವರ ಅನ್ನು."

"ಓದೋ ಜ್ವರ ಅಂತೀನಿ," ಎಂದು ಅವಳು ಫೋನಿಟ್ಟಳು.

ಕುರುಗೋಡಿಗೆ ಮರಳಿದ ಕೂಡಲೇ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಮೊದಲ ಹಾಳೆಯಿಂದ ಶುರು ಮಾಡಿದ. ಮಷಿನ್ನಿಲ್ಲದೆ ಅವನ ದನಿ ಅವನಿಗೇ ಪರಕೀಯವಾಗಿತ್ತು. ಒಂದೊಂದು ಸಾಲಿಗೂ ಬಲಗಾಲು ತಾನಾಗಿ ನೆಲ ತುಳಿಯುತ್ತಿತ್ತು. ಅಕ್ಕ ಕಡಲೆಹಿಟ್ಟು ಜರಡಿ ಹಿಡಿಯುತ್ತ ಕೇಳಿದಳು. "ಎಮ್ಮಿ ಇನ್ನಾ ಬಂದಿಲ್ಲಲ್ಲ," ಎಂದು ಎರಡು ಸಲ ಅಂದಳು. ಊಟ ಮುಗಿದ ಮೇಲೂ ಓದಿದ. ಬೆಳಿಗ್ಗೆ ಅವಳು ಬಂಡಿ ತಳ್ಳಿಕೊಂಡು ಹೋದರೆ ಹಿಂದೆಯೇ ಹೋಗಿ ಬೆಂಚಿನ ಮೇಲೆ ಕೂತು ಓದಿದ. ಜೇಬಿನಲ್ಲಿ ಮಾಲಕರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಗಂಟಲು ಕಟ್ಟಿತು, ನೀರು ಕುಡಿದ, ಓದಿದ. ಬಲಗಡೆಯ ಹಾಳೆಗಳು ತೆಳ್ಳಗಾದವು. ಕೊನೆಯ ಅಧ್ಯಾಯ ಬಂತು. ಮಳೆ ಸುರಿಯಿತು, ಹೊಳೆ ತುಂಬಿತು, ಆಚೆ ದಡದಲ್ಲಿ ಗಂಡ ಬಂದು ನಿಂತು ಕೂಗಿದ.

ಹಿಟ್ಟು ಮೆತ್ತಿದ ಕೈಯೊಂದು ಹಾಳೆಯ ಮೇಲೆ ಬಿತ್ತು.

"ಸಾಕು."

"ಯಕ್ಕಾ, ಇನ್ನೇನು ಮುಗೀತು. ಕಡೀದೊಂದ ಉಳದೈತಿ."

"ಅದಕ್ಕ ಸಾಕು ಅಂದೆ. ಇನ್ನು ಆಕಿ ಹರಿಗೋಲು ತಗೊಂಡು ಹೊಕ್ಕಾಳ. ನಿನ್ನೇನ ಹೇಳಿಯಲ್ಲ."

"ಬಸವಣ್ಣನಾಣಿ ಮಾಡೀನಿ. ಕಡೀ ಹಾಳಿ ತನಕ ಅಂತ."

"ನಿನ್ನ ಆಣಿ ನಿನಗ. ಕಡೀದು ಇವತ್ತು ಸೋಮವಾರ ಹೇಳ್ತೀನಿ ಅಂತ ನಾ ಈ ಬಸ್ ಸ್ಟ್ಯಾಂಡಿನವ್ರಿಗೆಲ್ಲ ಮಾತು ಕೊಟ್ಟೀನಿ. ನಿಂದು ಕಿವಿಗೆ ಬಿದ್ರ ನಂದು ಬಾಯಿಗೆ ಬರಂಗಿಲ್ಲ." ಬಾಣಲೆಗೆ ಒಂದು ಮಿರ್ಚಿ ಬಿಟ್ಟಳು. "ವರ್ಷಾನುಗಟ್ಟಲೆ ಆಕಡೆ ಇದ್ದು ಬಂದವನ್ನ ಹೊಳ್ಯಾಗ ಹೋಗಿ ಕರಕೊಂಡು ಬರೋದಾ? ನಾ ಅಂತೂ ಕೇಳಂಗಿಲ್ಲ."

"ಕೇಳದಿದ್ರ ಬಿಡು. ನಾ ಓದ್ತೀನಿ."

"ಓದು. ಒಗ್ಗರಣಿ ಹಾಕ್ತೀನಿ," ಎಂದು ಕಾದ ಎಣ್ಣೆಗೆ ಸಾಸಿವೆ ಸುರಿದಳು. ಅವನ ಮೊದಲ ಶಬ್ದ ಚಟಪಟದಲ್ಲಿ ಸತ್ತುಹೋಯಿತು. ಅಷ್ಟರಲ್ಲಿ ಬಳ್ಳಾರಿಯ ಬಸ್ಸು ಬಂದು ನಿಂತಿತು. ಡ್ರೈವರು ಇಳಿದು ನೇರ ಬಂಡಿಗೆ ಬಂದ. "ಯಕ್ಕಾ, ಒದರಾಕತ್ತಿದ್ನಲ್ಲ, ಆಕಿ ಹೋದ್ಲೋ ಇಲ್ಲೋ?" ಅವನ ಹಿಂದೆ ಇನ್ನಷ್ಟು ಜನ ಬಂದು ನಿಂತರು. ಉಚ್ಚೆಂಗೆಮ್ಮ ಮಿರ್ಚಿ ತೆಗೆಯುವ ಜಾರಾ ಎತ್ತಿ ಹಿಡಿದು, ತನ್ನ ಕತೆಯ ಈಚೆ ದಡಕ್ಕೆ ಕಂದೀಲು ತಂದಳು.

ಹೊನ್ನೂರಸ್ವಾಮಿ ಅದೇ ಬಸ್ಸಿಗೆ ಬಳ್ಳಾರಿಗೆ ಹೊರಟ. ಕಿಟಕಿಯ ಬಳಿ ಕೂತು ಗುಂಪಿನಲ್ಲಿ ತನ್ನ ಹೆಸರಿನ ಮುಂದೆ 'ಮುಗಿಯಲಿಲ್ಲ' ಎಂದು ಬರೆದ. ಹಾಳೆಯ ಮೇಲೆ ಹಿಟ್ಟಿನ ಐದು ಬೆರಳು ಒಣಗಿದ್ದವು. ಅಕ್ಕನಿಗೆ ಒಂದು ಇಡೀ ಪುಸ್ತಕವನ್ನು ಕಡೆಯ ಹಾಳೆಯ ತನಕ ಓದಿ ಹೇಳುತ್ತೇನೆಂದು ಅವನು ಕೊಟ್ಟ ಮಾತು ನಡೆಯಲಿಲ್ಲ.