ಶಂಖದ ಹೊತ್ತಿನಲ್ಲಿ ಎತ್ತಿದ ಏಣಿ

ಮೊದಲ ಶಂಖ ಊದಿದೊಡನೆ ಏಣಿ ಎತ್ತಿಬಿಡಬೇಕು. ಸಮೋವಾದ ಈ ದಕ್ಷಿಣ ದಂಡೆಯ ಆಳವಾದ ಈಜುಗುಂಡಿ ನಮ್ಮ ಮನೆತನದ್ದು, ನಿಯಮವೂ ನಮ್ಮದೇ. ಎರಡನೆಯ ಶಂಖಕ್ಕೆ ಊರೆಲ್ಲ ಸಂಜೆಯ ಪ್ರಾರ್ಥನೆಗೆ ಕೂತಿರಬೇಕು. ಮೂರನೆಯದು ಕೇಳುವ ತನಕ ‘ಸಾ’, ನಿಷೇಧದ ಹೊತ್ತು. ಯಾರೂ ಓಡಾಡುವಂತಿಲ್ಲ, ಕೂಗುವಂತಿಲ್ಲ, ಈಜುವುದಂತೂ ಇಲ್ಲವೇ ಇಲ್ಲ.

ಆ ದಿನ ಬೆಳಗಿನಿಂದ ಪ್ರವಾಸಿಗರ ಸಾಲು. ಅವರು ಬಿಚ್ಚಿಹಾಕಿದ ಈಜು ಮಾಸ್ಕು, ಸ್ನಾರ್ಕೆಲ್ ಕೊಳವೆಗಳನ್ನು ತೊಳೆದೂ ತೊಳೆದೂ ನನ್ನ ಬೆರಳುಗಳು ಸುಕ್ಕಾಗಿದ್ದವು. ಕೊನೆಯಲ್ಲಿ ಹೋದ ಹೆಂಗಸು ಕಾಲಿನ ರಬ್ಬರ್ ರೆಕ್ಕೆಯೊಂದನ್ನು ಗುಂಡಿಯಲ್ಲಿ ಕಳೆದಿದ್ದಳು.

"ಸುರಂಗದ ಬಾಯಲ್ಲೇ ಬಿದ್ದಿರತ್ತೆ ಅಮ್ಮಾ. ಒಂದೇ ಮುಳುಗಿಗೆ ತರ್ತೀನಿ," ಎಂದಳು ನನ್ನ ಹನ್ನೆರಡರ ಮಗಳು ಮಸೀನಾ.

"ಬಂದ್ಲು ನೋಡು, ದೊಡ್ಡ ಶಾರ್ಕು! ಹೋಗಿ ಕೆಸುವಿನ ಗೆಡ್ಡೆ ಸುಲಿ."

ಆ ಸುರಂಗ ಸಮುದ್ರಕ್ಕೆ ತೆರೆಯುತ್ತದೆ. ಉಬ್ಬರ ಏರುವಾಗ ನೀರು ಒಮ್ಮೆ ನೂಕುತ್ತದೆ, ಒಮ್ಮೆ ಎಳೆಯುತ್ತದೆ.

ಮೊದಲ ಶಂಖ ಮೊಳಗಿತು. ಹಗ್ಗ ಎಳೆದು ಏಣಿ ಎತ್ತಿದೆ. ಅದರ ತುದಿಯಲ್ಲಿ ಯಾರೋ ಮರೆತ ನೀಲಿ ಲುಂಗಿ ನೇತಾಡುತ್ತಿತ್ತು. ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದೆ.

ಮನೆಯಲ್ಲಿ ಮಾವ ಆಗಲೇ ಪ್ರಾರ್ಥನೆಗೆ ಕೂತಿದ್ದರು. ಮಸೀನಾಳ ಚಾಪೆ ಖಾಲಿ. ಇವಳು ಯಾವಾಗಲೂ ತಡವೇ, ಹಿತ್ತಲಲ್ಲಿ ಇರಬೇಕು ಎಂದುಕೊಂಡೆ. ಎರಡನೆಯ ಶಂಖವೂ ಆಯಿತು. ಮಾವ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡರು. ತೊಡೆಯ ಮೇಲಿನ ಲುಂಗಿಯನ್ನು ಸುಮ್ಮನೆ ಮಡಚುತ್ತಿದ್ದವಳ ಬೆರಳಿಗೆ ತೇಪೆಯೊಂದು ಸಿಕ್ಕಿತು. ಕೆಂಪು ದಾರ, ಓರೆಹೊಲಿಗೆ. ಮಗಳ ಲುಂಗಿಗೆ ಅದನ್ನು ಹೊಲಿದವಳು ನಾನೇ.

ಏಣಿ ಎತ್ತುವ ಮುಂಚೆ ಕೆಳಗೆ ಬಗ್ಗಿ ನೋಡಿದೆನೇ?

ನೋಡಿದ್ದೆ ಅನ್ನಿಸಿತು. ಇಲ್ಲ, ನೋಡಿರಲಿಲ್ಲ. ನೋಡಿದ್ದರೂ ಅವಳು ಸುರಂಗದೊಳಗೆ ಇದ್ದಿದ್ದರೆ? ಸುತ್ತ ನುಣುಪು ಬಂಡೆ, ಪಾಚಿ. ಏಣಿಯಿಲ್ಲದೆ ಹಲ್ಲಿಯೂ ಹತ್ತಲಾರದು.

"ಮಾವ," ಎಂದು ಪಿಸುಗುಟ್ಟಿದೆ. ಕಣ್ಣು ತೆರೆಯದೆ ಅವರು ಅಂಗೈ ಎತ್ತಿದರು: ಸುಮ್ಮನಿರು. ಸಾ ಹೊತ್ತಿನಲ್ಲಿ ಕೋಳಿ ಅಟ್ಟಿಸಿಕೊಂಡು ಓಡಿದ್ದಕ್ಕೆ ಪಕ್ಕದ ಮನೆಯವರಿಗೆ ಒಂದು ಹಂದಿ ದಂಡ ಹಾಕಿಸಿದ ಹಿರಿಯರು ಅವರು. ಹಾಡಿನಲ್ಲಿ ಇನ್ನೂ ಎರಡು ಚರಣ ಉಳಿದಿದ್ದವು. ಅರ್ಧ ಚರಣ ತಡೆದುಕೊಂಡೆ. ಆಮೇಲೆ ಎದ್ದು ಓಡಿದೆ.

ದಾರಿಯಲ್ಲಿ ಯಾರೂ ಸಾ ಮುರಿಯದಂತೆ ಕಾವಲಿಗೆ ನಿಂತಿದ್ದ ಮೈದುನ ಪೆನಿ ದೊಣ್ಣೆ ಅಡ್ಡ ಹಿಡಿದ. "ಅತ್ತಿಗೆ! ಹೋಗಿ ಕೂತ್ಕೊಳ್ಳಿ. ಮನೇಲಿರೋದು ಒಂದೇ ಹಂದಿ!"

"ಏಣಿ ಎತ್ತಿಬಿಟ್ಟೆ ಕಣೋ. ಮಸೀನಾ ಕೆಳಗಿದಾಳೆ."

ದೊಣ್ಣೆ ಬಿಸುಟು ನನಗಿಂತ ಮುಂದೆ ಓಡಿದ.

ಗುಂಡಿಯ ನೀರು ಕಪ್ಪಾಗಿತ್ತು. ಸುರಂಗದ ಕಡೆಯಿಂದ ಅಲೆ ಗುಡುಗುತ್ತಿತ್ತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಗೋಡೆಯ ಬಿರುಕೊಂದಕ್ಕೆ ಬೆರಳು ಸಿಕ್ಕಿಸಿಕೊಂಡು ತೇಲುತ್ತಿದ್ದ ಪುಟ್ಟ ತಲೆ ಕಂಡಿತು. ಇನ್ನೊಂದು ಕೈಯಲ್ಲಿ ಆ ಹಾಳು ರಬ್ಬರ್ ರೆಕ್ಕೆ.

ಏಣಿ ಬಿಟ್ಟೆವು. ಪೆನಿ ಇಳಿದು ಅವಳನ್ನು ಬೆನ್ನಿಗೆ ಹಾಕಿಕೊಂಡು ಬಂದ. ತುಟಿ ನೀಲಿಗಟ್ಟಿತ್ತು, ಬೆರಳ ತುದಿಯೆಲ್ಲ ರಕ್ತ.

"ಯಾಕೇ ಕೂಗ್ಲಿಲ್ಲ? ಬಾಯಿ ಬಿದ್ದೋಗಿತ್ತಾ?"

"ಸಾ ಅಲ್ವಾ ಅಮ್ಮಾ," ಹಲ್ಲು ಕಟಕಟಿಸುತ್ತಿದ್ದವು. "ಮೂರನೇ ಶಂಖ ಆದ್ಮೇಲೆ ಕೂಗೋಣ ಅಂತಿದ್ದೆ. ತಾತ ನಮ್ಮ ಹಂದೀನ ಕೊಟ್ಬಿಡ್ತಾರೆ."

ಹೊಡೆಯಲು ಎತ್ತಿದ ಕೈ ಅವಳ ಒದ್ದೆ ತಲೆಯ ಮೇಲೆ ಇಳಿಯಿತು.

ಹಿಂದೆ ಒಣ ಎಲೆ ಸದ್ದಾಯಿತು. ಮಾವ ನಿಂತಿದ್ದರು, ಬರಿಗಾಲಲ್ಲಿ. ಮೂರನೆಯ ಶಂಖ ಇನ್ನೂ ಮೊಳಗಿರಲಿಲ್ಲ. ಮೊಮ್ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು.

"ನಾಳೆ ಊರ ಸಭೇಲಿ ನಾನೇ ಹೇಳ್ತೀನಿ," ಎಂದರು. "ನಮ್ಮನೇಲಿ ಸಾ ಮುರಿದು ಓಡಿದೋರು ನಾನೂ ಸೇರಿ ಮೂರು ಜನ ಅಂತ."

"ಹಂದಿ ಒಂದೇ ಇರೋದು, ಅಪ್ಪ," ಎಂದ ಪೆನಿ.

"ಗೊತ್ತು. ದೊಡ್ಡದೇ ಇದೆ."

ಹಂದಿ ಹೋಯಿತು. ಈಗಲೂ ಮೊದಲ ಶಂಖಕ್ಕೆ ಏಣಿ ಎತ್ತುವವಳು ನಾನೇ. ಬಗ್ಗಿ ನೋಡುತ್ತೇನೆ, ಮೂರು ಸಲ ಕೂಗುತ್ತೇನೆ. ಎತ್ತಿ ಕಟ್ಟಿದ ಮೇಲೂ ಮನಸ್ಸು ತಡೆಯದೆ ಮತ್ತೆ ಇಳಿಸುತ್ತೇನೆ.

"ಮಸೀನಾ!"

"ಇಲ್ಲೇ ಇದೀನಲ್ಲಮ್ಮಾ, ನಿನ್ ಪಕ್ಕದಲ್ಲೇ!"

ಗೊತ್ತು. ಆದರೂ ಕೆಳಗೇ ನೋಡುತ್ತಿರುತ್ತೇನೆ.