ಪಲಾವಿಗೆ ಬಿದ್ದ ಕೇಸರಿ

ಪಲಾವಿನ ಬಣ್ಣ ನೋಡಿದ್ದೇ ತಡ, ಗುಲ್‌ಚೆಹ್ರಾ ಅಮ್ಮನನ್ನು ಅಡುಗೆಮನೆಗೆ ಎಳೆದಳು. ಮನೆಯಲ್ಲಿ ಅಷ್ಟು ಕೇಸರಿ ಇದ್ದದ್ದು ಅಪ್ಪ ಬರೆದ ಪುಸ್ತಕಗಳ ಅಂಚು ಚಿತ್ರಿಸುವ ತನ್ನ ಬಣ್ಣದ ಡಬ್ಬಿಯಲ್ಲಿ ಮಾತ್ರ. ಅಮ್ಮನನ್ನು ಅಡುಗೆಮನೆಗೆ ಎಳೆದಳು.

"ನನ್ನ ಡಬ್ಬಿ ಮುಟ್ಟಿದ್ಯಾ?"

"ತಬ್ರೀಜ್‌ನಿಂದ ಅಷ್ಟು ದೊಡ್ಡ ವ್ಯಾಪಾರಿ ಬಂದಿದಾನೆ, ಬರೀ ಬಿಳಿ ಅನ್ನ ಬಡಿಸ್ಲಾ? ಮೊನ್ನೇನೇ ತೆಗೆದಿಟ್ಟೆ. ಬದಲಿಗೆ ಕುಸುಬೆ ಹೂ ಹಾಕಿದೀನಲ್ಲ. ಬಣ್ಣ ಒಂದೇ ತಾನೇ?"

ಬಣ್ಣ ಒಂದೇ ಅಂತೆ! ಪುಸ್ತಕಕ್ಕೆ ಹೆಸರಾದ ಶೀರಾಜಿನಲ್ಲಿ ಹುಟ್ಟಿ, ಅಂದದ ಕೈಬರಹದಲ್ಲಿ ಪುಸ್ತಕ ಬರೆಯುವವನನ್ನೇ ಕಟ್ಟಿಕೊಂಡು ಬಾಳಿದವಳು ಆಡುವ ಮಾತೇ ಇದು? ತಾಮ್ರದ ಕಿಲುಬಿನ ಹಸಿರಿಗೆ ಕೇಸರಿ ಬೆರೆಸದಿದ್ದರೆ ಅದು ಕಾಗದವನ್ನು ಒಳಗೊಳಗೇ ತಿನ್ನುತ್ತದೆ. ಹತ್ತಿಪ್ಪತ್ತು ವರ್ಷಕ್ಕೆ ಹಾಳೆ ತೂತು ಬೀಳುತ್ತದೆ. ನಿನ್ನೆ ಅವಳು ಕೇಸರಿ ಎಂದುಕೊಂಡು ಕುಸುಬೆ ಬೆರೆಸಿದ ಆ ಹಸಿರು ಬಳಿದದ್ದು ಕೊನೆಯ ಹಾಳೆಯ ಅಂಚಿಗೆ. ಅಪ್ಪ ಕವಾಮುದ್ದೀನ್ ಕಣ್ಣಿಗೆ ಪೊರೆ ಮುಚ್ಚುವ ಮೊದಲು ಬರೆದ ಕಟ್ಟಕಡೆಯ ಹಾಳೆ ಅದು. ಇನ್ನು ಅವನು ಬರೆಯಲಾರ.

ಹಜಾರದಲ್ಲಿ ಅಪ್ಪನ ಎದುರು ಕೂತು ವ್ಯಾಪಾರಿ ಖ್ವಾಜಾ ಇಸ್ಫಂದಿಯಾರ್ ಬೆರಳು ಚೀಪುತ್ತ ಪಲಾವನ್ನು ಹೊಗಳುತ್ತಿದ್ದ. ಬಟ್ಟೆಯಲ್ಲಿ ಸುತ್ತಿದ, ಇನ್ನೂ ಹೊಲಿಗೆ ಹಾಕದ ಪುಸ್ತಕ ಅವನ ಪಕ್ಕದಲ್ಲೇ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೂ ಗುಲ್‌ಚೆಹ್ರಾ ಎಲ್ಲವನ್ನೂ ಹೇಳಿ, ಆ ಅಂಚು ಕತ್ತರಿಸಲೇಬೇಕು ಎಂದಳು.

ಖ್ವಾಜಾ ನಕ್ಕ. "ಇಷ್ಟೇನಾ? ಅದು ತೂತು ಬೀಳೋ ಹೊತ್ತಿಗೆ ಕೊಂಡವನೂ ಇರಲ್ಲ, ನಾನೂ ಇರಲ್ಲ. ಇವತ್ತೇ ಹೊರಡ್ತೀನಿ ಉಸ್ತಾದರೇ. ಹಾಳೆಗೆ ಕತ್ತಿ ಹಾಕಿದ್ರೆ ಪುಸ್ತಕ ನನಗೆ ಬೇಡ."

ಅಪ್ಪ ಅವಳ ದನಿ ಬಂದ ಕಡೆ ತಿರುಗಿ ಕೇಳಿದ: "ಅಕ್ಷರಕ್ಕೂ ಹಸಿರಿಗೂ ನಡುವೆ ಏನಿದೆ ಮಗಳೇ?"

"ಒಂದು ಚಿನ್ನದ ಗೆರೆ, ಅಪ್ಪಾ."

"ಗೆರೆ ಮೇಲೇ ಕೊಯ್ಯಿ."

"ನಿಮಗೇನು ತಲೆಗಿಲೆ ಕೆಟ್ಟಿದೆಯಾ?" ಖ್ವಾಜಾ ಕೂಗಿದ. ಅಷ್ಟರಲ್ಲಿ ಅವಳು ಬಟ್ಟೆ ಬಿಚ್ಚಿ, ಕೊನೆಯ ಹಾಳೆ ತೆಗೆದು, ಲೇಖನಿ ಹೆರೆಯುವ ಚಾಕು ಹಿಡಿದಾಗಿತ್ತು. ಮೂರು ಬದಿ ಸಲೀಸಾಗಿ ಹೋಯಿತು. ನಾಲ್ಕನೆಯ ಬದಿಯಲ್ಲಿ ಅಪ್ಪನ ಕೊನೆಯ ಅಕ್ಷರದ ಬಾಲ ಗೆರೆಗೆ ತಾಗಿಯೇ ನಿಂತಿತ್ತು. ಕೂದಲೆಳೆಯಷ್ಟು ತಪ್ಪಿದರೂ ಮುಗಿಯಿತು. ಅವಳು ಉಸಿರು ಬಿಗಿಹಿಡಿದು ಎಳೆದಳು. ಬರಹ ಇಡಿಯಾಗಿ ಕೈಗೆ ಬಂತು, ಹಸಿರು ಅಂಚು ನೆಲಕ್ಕೆ ಬಿತ್ತು.

ಖ್ವಾಜಾ ಕೈಯನ್ನೂ ತೊಳೆಯದೆ ಎದ್ದು ಹೋದ. ಆ ವರ್ಷದ ಅನ್ನವೂ ಅವನ ಹಿಂದೆಯೇ ಹೋಯಿತು.

ಅಮ್ಮ ಅಳುತ್ತ ಪಲಾವಿನ ಹರಿವಾಣ ಎತ್ತಿದಳು. "ಚೆಲ್ಲಿಬಿಡ್ತೀನಿ ಈ ಹಾಳಾದ್ದನ್ನ."

ಅಪ್ಪ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ತಡವರಿಸುತ್ತ ಕೈ ಚಾಚಿದ.

"ಚೆಲ್ಬೇಡ್ವೇ, ಇಲ್ಲಿ ಬಡಿಸು. ನನ್ನ ಪುಸ್ತಕಕ್ಕೆ ಸೇರಬೇಕಿದ್ದ ಕೇಸರಿ. ರುಚಿನಾದ್ರೂ ನೋಡ್ತೀನಿ."