ಹಸಿರಾಗಿ ಉಳಿದ ಹೊಲ

ಹೊಳೆ ಕಡಲು ಸೇರುವ ಕಡೆ ನೆಲಕ್ಕೆ ನಿಯತ್ತೇ ಇಲ್ಲ; ಇವತ್ತು ಹೊಲ, ನಾಳೆ ಕೆಸರು, ನಾಡಿದ್ದು ನೀರು. ಮೂರು ವರ್ಷಕ್ಕೊಮ್ಮೆ ಅದನ್ನೆಲ್ಲ ನಕ್ಷೆಯಲ್ಲಿ ತಿದ್ದುವುದು ಸರ್ವೆ ಕಚೇರಿಯ ನಕ್ಷೆಗಾರನ ಕೆಲಸ. ಹೊಲಕ್ಕೆ ಹಸಿರು, ನೀರಿಗೆ ನೀಲಿ. ಊರವರ ಹಸಿರನ್ನೆಲ್ಲ ನೀಲಿ ಮಾಡುವಾಗ ಅವನು ಒಮ್ಮೆಯೂ ಕುಂಚ ನಿಲ್ಲಿಸಿರಲಿಲ್ಲ.

ಈ ಸಲ ಹೊಳೆ ನುಂಗಿದ್ದು ಅಕ್ಕನ ಹೊಲವನ್ನು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಕುಂಚವನ್ನು ನೀಲಿಗೆ ಅದ್ದಿದವನು ಅದನ್ನು ಹಾಗೇ ತೊಳೆದಿಟ್ಟ. ಕಾಗದದ ಮೇಲಾದರೂ ಇರಲಿ ಎಂದು ಆ ತುಂಡನ್ನು ಹಸಿರಾಗಿಯೇ ಬಿಟ್ಟುಬಿಟ್ಟ. ಸಾಹೇಬರು ತಲೆ ಎತ್ತದೆ ಸಹಿ ಹಾಕಿದರು, ಮೊಹರು ಬಿತ್ತು.

ಎರಡು ತಿಂಗಳಿಗೆ ಆದೇಶ ಬಂತು: ನಕ್ಷೆಯಲ್ಲಿ ಹೊಲ ನೀಲಿಯಾದವರಿಗೆಲ್ಲ ದಿಬ್ಬದ ಮೇಲೆ ಮನೆ, ಅರ್ಧ ಎಕರೆ ನೆಲ.

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಅಕ್ಕ ಕಚೇರಿಗೆ ಬಂದಳು.

"ಪಟ್ಟೀಲಿ ನನ್ನ ಹೆಸರೇ ಇಲ್ವಲ್ಲೋ! ಯಾವನೋ ತಲೆಕೆಟ್ಟ ಸಾಹೇಬ ನನ್ನ ಹೊಲಾನ ಹಸಿರು ಅಂತ ಬರೆಸಿದಾನಂತೆ. ಅಲ್ಲೇನು ಮೀನುಗಳು ಉಳ್ತಾ ಇದಾವಾ? ನಿನ್ನೆ ಅಡುಗೆಮನೆ ಗೋಡೇನೂ ಹೋಯ್ತು. ತಿದ್ದಕ್ಕಾಗಲ್ವಾ?"

"ಮೊಹರು ಬಿದ್ದಾಯ್ತಕ್ಕ. ಇನ್ನು ಮುಂದಿನ ಸರ್ವೆಗೇ. ಮೂರು ವರ್ಷ."

"ಅಷ್ಟರಲ್ಲಿ ಮನೇನೇ ಇರಲ್ಲ," ಎಂದಳು ಅಕ್ಕ.

ಅವನು ತಲೆ ತಗ್ಗಿಸಿ ಕೂತ. ಅವಳಿಗೆ ತಡೆಯಲಾಗಲಿಲ್ಲ, ಸಣ್ಣವನಿದ್ದಾಗ ಮಾಡುತ್ತಿದ್ದಂತೆ ಅವನ ಬೆನ್ನು ಸವರಿದಳು.

"ನೀನ್ಯಾಕೋ ಮುಖ ಸಣ್ಣ ಮಾಡ್ಕೊಂಡಿದೀಯ? ನಿನ್ನ ಕೈಲಿದ್ದಿದ್ರೆ ನನಗೆ ಹೀಗಾಗಕ್ಕೆ ಬಿಡ್ತಿದ್ಯಾ?"